ಕಸೂತಿಯ ಕುಂಚಿಗೆ

ಎಳೆಗೂಸಿನ ತಲೆಯುಡುಪು. ಹತ್ತಿ ಬಟ್ಟೆ, ಬಣ್ಣದ ರೇಷ್ಮೆ ದಾರ. ಧಾರವಾಡ ಸೀಮೆ.

ಕೂಸಿನ ತಲೆ, ಕಿವಿ, ಬೆನ್ನನ್ನು ಥಂಡಿಯಿಂದ ಕಾಯಲು ಮನೆಯ ಹೆಣ್ಣುಮಕ್ಕಳು ಕುಂಚಿಗೆ ಹೊಲಿದು, ಅದರ ಮೇಲೆ ಕಸೂತಿ ಹಾಕುತ್ತಿದ್ದರು.

ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸುತ್ತಲೇ ಗೋಪುರ, ತೇರು, ತುಳಸಿ ವೃಂದಾವನ, ಆನೆ, ನವಿಲುಗಳನ್ನು ಮೂಡಿಸುತ್ತಾರೆ. ಎಣಿಕೆ ತಪ್ಪಿದರೆ ಚಿತ್ರವೇ ವಾರೆಯಾಗುತ್ತದೆ.

ಗವಂತಿ ಹೊಲಿಗೆಯಲ್ಲಿ ಸೂಜಿ ನಡುನಡುವೆ ಜಾಗ ಬಿಟ್ಟು ಮುಂದೆ ಸಾಗುತ್ತದೆ, ಮರಳುವಾಗ ಆ ಜಾಗಗಳನ್ನು ತುಂಬುತ್ತದೆ. ದಾರಕ್ಕೆ ಗಂಟು ಹಾಕುವುದಿಲ್ಲ. ಹೀಗಾಗಿ ಕೂಸಿನ ನೆತ್ತಿಗೆ ತಾಗುವ ಒಳಮೈಯೂ ಹೊರಮೈಯಷ್ಟೇ ಚೊಕ್ಕವಾಗಿರುತ್ತದೆ. ಮುರ್ಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ದಂತೆ ಕಾಣುತ್ತದೆ. ಮೆಂತೆಯಲ್ಲಿ ಎಳೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ.

2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.