ಒಂದೇ ವಿಶ್ವಾಸ, ಎರಡು ದಾರಿ

ಇವಾಂಜೆಲಿಕಲ್ ಕ್ರೈಸ್ತರೆಂದರೆ ಅನ್ಯರನ್ನು ಮತಾಂತರಿಸುವವರು ಎಂದಷ್ಟೇ ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಆದರೆ ಅವರ ಪ್ರಕಾರ ಕ್ರೈಸ್ತ ಮನೆಯಲ್ಲಿ ಹುಟ್ಟಿದವನೂ ಅಷ್ಟರಿಂದಲೇ ಕ್ರೈಸ್ತನಾಗುವುದಿಲ್ಲ. ಯೇಸು ಶಿಲುಬೆಯಲ್ಲಿ ತನ್ನ ಪಾಪಕ್ಕಾಗಿಯೇ ಪ್ರಾಣ ಕೊಟ್ಟರೆಂದು ನಂಬಿ ಹೊಸದಾಗಿ ಹುಟ್ಟಬೇಕು. ಬೈಬಲ್ಲೇ ಅಂತಿಮ ಪ್ರಮಾಣ. ಅಮೆರಿಕದ ಜಾರ್ಜಿಯಾದಲ್ಲಿ ಧರ್ಮಪ್ರಚಾರ ಮಾಡಿ ಬಂದಿದ್ದ ಪಾದ್ರಿ ಜಾನ್ ವೆಸ್ಲಿಯವರಿಗೂ ಈ ಭರವಸೆ ಮೂಡಿದ್ದು 1738ರ ಮೇ 24ರಂದು, ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ!

ಗೆಳೆಯ ಜಾರ್ಜ್ ವೈಟ್‌ಫೀಲ್ಡರದೂ ಇದೇ ಬೋಧನೆ. 1739ರಲ್ಲಿ ಇಬ್ಬರೂ ಬ್ರಿಸ್ಟಲ್ ಬಳಿಯ ಬಯಲಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಉಪದೇಶಿಸಿದರು. ಯಾರಿಗೆ ರಕ್ಷಣೆಯೆಂದು ದೇವರು ಮೊದಲೇ ಗೊತ್ತುಮಾಡಿದ್ದಾನೆಯೇ ಎಂಬ ಬಗ್ಗೆ ಜಗಳವಿತ್ತು, ಅದು ಬೇರೆ ಮಾತು. ನಾವು ಗಮನಿಸಬೇಕಾದದ್ದು ಗುಲಾಮಗಿರಿಯ ಪ್ರಶ್ನೆಯನ್ನು.

ಜಾರ್ಜಿಯಾದಲ್ಲಿ ಅದಕ್ಕೆ ನಿಷೇಧವಿತ್ತು. ಅದನ್ನು ತೆಗೆಯಬೇಕೆಂದು ವೈಟ್‌ಫೀಲ್ಡ್ ಒತ್ತಾಯಿಸಿದರು. 1751ರಲ್ಲಿ ನಿಷೇಧ ಹೋಯಿತು. ಸಮರ್ಥನೆಗೆ ಬೈಬಲಿನ ಅಬ್ರಹಾಮರನ್ನೇ ಸಾಕ್ಷಿಗೆ ಕರೆದರು. ಅವರು ಅಲ್ಲಿ ಕಟ್ಟಿದ ಅನಾಥಾಲಯದ ಜಮೀನಿನಲ್ಲಿ ಗುಲಾಮರು ದುಡಿದರು. ಅದೇ ಬೈಬಲನ್ನು ಹಿಡಿದಿದ್ದ ವೆಸ್ಲಿಯವರು 1774ರಲ್ಲಿ ಗುಲಾಮಗಿರಿಯ ವಿರುದ್ಧ ಕಿರುಪುಸ್ತಕ ಬರೆದರು. 1791ರಲ್ಲಿ, ಸಾವಿಗೆ ಆರು ದಿನ ಮುಂಚೆ, ಇದೇ ವಿಶ್ವಾಸದ ಸಂಸದ ವಿಲ್ಬರ್‌ಫೋರ್ಸರಿಗೆ ಹೋರಾಟ ಬಿಡಬೇಡಿ ಎಂದು ಪತ್ರ ಕಳಿಸಿದರು. ಗುಲಾಮರ ವ್ಯಾಪಾರವನ್ನು ಬ್ರಿಟನ್ ನಿಷೇಧಿಸಿದ್ದು 1807ರಲ್ಲಿ.