ಚೆಂಡು, ಅಂಗಳ, ಖೋಲಿ: ಮುಂಬಯಿಯ ಶಿಶುಶಿಕ್ಷಣದಲ್ಲಿ ಸ್ಥಾನಸೂಚಕ ಪದಗಳು

ಮೇಲೆ, ಕೆಳಗೆ, ಒಳಗೆ, ಹಿಂದೆ, ನಡುವೆ ಎಂದು ವಸ್ತುವಿನ ನೆಲೆಯನ್ನು ಹೇಳುವ ಪದಗಳನ್ನು ವ್ಯಾಕರಣವು ಅವ್ಯಯಗಳೆಂದು ಗುರುತಿಸುತ್ತದೆಯಾದರೂ, ಶಿಶುಶಿಕ್ಷಣದ ಇತಿಹಾಸದಲ್ಲಿ ಅವು ಆಟದ ಸಾಮಾನಿನ ಜೊತೆಗೇ ಕಾಣಿಸಿಕೊಂಡವು. 19ನೆಯ ಶತಮಾನದ ಜರ್ಮನಿಯಲ್ಲಿ ಕಿಂಡರ್‌ಗಾರ್ಟನ್ ಪದ್ಧತಿಯನ್ನು ರೂಪಿಸಿದ ಫ್ರೀಡ್ರಿಕ್ ಫ್ರೋಬೆಲ್ ಮಗುವಿಗೆ ಮೊದಲು ಕೊಡಬೇಕೆಂದ ‘ಉಡುಗೊರೆ’ ದಾರಕ್ಕೆ ಕಟ್ಟಿದ ಮೆತ್ತನೆಯ ಚೆಂಡು. ಅದನ್ನು ಎತ್ತುತ್ತ, ಇಳಿಸುತ್ತ, ತೂಗುತ್ತ ಆಯಾ ಚಲನೆಗೆ ತಕ್ಕ ಪದವನ್ನು ತಾಯಿ ನುಡಿಯಬೇಕಿತ್ತು.

ಇಂಥ ವಿಚಾರಗಳು ಪಶ್ಚಿಮ ಭಾರತದ ದೇಶಭಾಷೆಗಳಲ್ಲಿ ಬೇರೂರಿದ್ದಕ್ಕೆ, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಮತ್ತು ಅವರೊಡನೆ ದುಡಿದ, ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ ತಾರಾಬಾಯಿ ಮೋಡಕ್ ಮುಖ್ಯ ಕಾರಣರು. ತಾರಾಬಾಯಿ 1936ರಲ್ಲಿ ಮುಂಬಯಿಯ ದಾದರಿನಲ್ಲಿ ಶಿಶುವಿಹಾರ ಆರಂಭಿಸಿದರು. ಅವರು ಅನುಸರಿಸಿದ ಮಾಂಟೆಸ್ಸರಿ ಪದ್ಧತಿಯಲ್ಲಿ ಹೊಸ ಪದ ಕಲಿಸುವುದಕ್ಕೆ ಮೂರು ಹಂತಗಳಿವೆ: ಚೆಂಡನ್ನು ಬಟ್ಟಲಲ್ಲಿಟ್ಟು ‘ಚೆಂಡು ಬಟ್ಟಲಿನ ಒಳಗಿದೆ’ ಎಂದು ಶಿಕ್ಷಕಿಯೇ ಹೇಳುವುದು ಮೊದಲನೆಯದು, ‘ಚೆಂಡನ್ನು ಬಟ್ಟಲಿನ ಪಕ್ಕದಲ್ಲಿಡು’ ಎಂದು ಮಗುವಿನ ಕೈಯಿಂದ ಮಾಡಿಸುವುದು ಎರಡನೆಯದು, ‘ಚೆಂಡು ಎಲ್ಲಿದೆ?’ ಎಂದು ಕೇಳಿ ಪದವನ್ನು ಮಗುವಿನ ಬಾಯಿಂದಲೇ ಬರಿಸುವುದು ಕೊನೆಯದು. ಎರಡನೆಯ ಹಂತದಲ್ಲಿ ಮಗು ಮಾತನಾಡಬೇಕಾಗಿಲ್ಲ, ಇಡುವ ಕೈಯೇ ಅದರ ಉತ್ತರ. ತಪ್ಪಿದರೆ ಗದರದೆ ಮೊದಲ ಹಂತಕ್ಕೆ ಮರಳುವುದೇ ವಿಧಾನ. ಮಗ್ಗಿಯನ್ನೂ ಅಕ್ಷರಮಾಲೆಯನ್ನೂ ಬಾಯಿಪಾಠ ಮಾಡಿಸಿ ತಪ್ಪಿದವರಿಗೆ ಬೆತ್ತ ತೋರಿಸುತ್ತಿದ್ದ ಹಳೆಯ ಶಾಲೆಗಳಿಗೆ ಇದು ತೀರ ಅಪರಿಚಿತವಾದ ಶಿಸ್ತು.

ಈ ಪದ್ಧತಿಯ ದೊಡ್ಡ ತೊಡಕು ಅದರ ದುಬಾರಿ ಸಲಕರಣೆ. 1945ರಲ್ಲಿ ತಾರಾಬಾಯಿಯವರು ಅನುತಾಯಿ ವಾಘ್ ಅವರೊಡನೆ ಮುಂಬಯಿಯ ಉತ್ತರಕ್ಕಿರುವ ಬೋರ್ಡಿಯಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೆಲಸ ಹೂಡಿದಾಗ ಕಲ್ಲು, ಚಿಪ್ಪು, ಬೀಜ, ಎಲೆಗಳು ಆ ಸಲಕರಣೆಯ ಸ್ಥಾನಕ್ಕೆ ಬಂದವು, ಮತ್ತು ಮಕ್ಕಳು ಶಾಲೆಗೆ ಬಾರದಿದ್ದುದರಿಂದ ಶಾಲೆಯೇ ಅವರ ಮನೆಯಂಗಳಕ್ಕೆ ಹೋಯಿತು. ಇಂದು ಸರ್ಕಾರಿ ಯೋಜನೆಯ ಹೆಸರಾಗಿ ದೇಶಕ್ಕೆಲ್ಲ ಪರಿಚಿತವಾಗಿರುವ ‘ಅಂಗನವಾಡಿ’ಯ ಒಂದು ಮೂಲ ಇಲ್ಲಿದೆ. ಮುಂಬಯಿಯ ಶಿಶುಶಿಕ್ಷಣಕ್ಕೆ ದಾದರಿನ ಸಜ್ಜಾದ ಕೋಣೆಗಿಂತ ಬೋರ್ಡಿಯ ಅಂಗಳವೇ ಹೆಚ್ಚು ಉಪಯುಕ್ತವಾದ ಮಾದರಿಯಾಯಿತೆಂದರೆ ತಪ್ಪಾಗದು.

ಏಕೆಂದರೆ ನಗರದ ಬಹುಪಾಲು ಮಕ್ಕಳು ಬೆಳೆದದ್ದು ಖೋಲಿ ಎನ್ನುವ ಒಂದೇ ಕೋಣೆಯ ಮನೆಯಲ್ಲಿ. 1920ರ ದಶಕದಲ್ಲಿ ಕಟ್ಟಲಾದ ಬಿಡಿಡಿ ಚಾಳುಗಳೆಂಬ ವಠಾರಗಳಲ್ಲಿ ಕುಟುಂಬವೊಂದರ ಪಾಲಿಗೆ ಬರುತ್ತಿದ್ದುದು ಸುಮಾರು 160 ಚದರಡಿ. ಅಷ್ಟರಲ್ಲೇ ಅಡುಗೆ, ಮೂಲೆಯಲ್ಲಿ ನೀರಿನ ಮೋರಿ, ಮಂಚದ ಕೆಳಗೆ ಟ್ರಂಕು, ತಲೆಯ ಮೇಲೆ ಮಾಳಾ ಎಂದು ಕರೆಯುವ ಅಟ್ಟ, ಬಾಗಿಲಾಚೆ ಎಲ್ಲರಿಗೂ ಸೇರಿದ ಗ್ಯಾಲರಿ ಇರುವಾಗ, ‘ಮಂಚದ ಕೆಳಗಿಂದ ಚೊಂಬು ತಾ’ ಎಂಬ ಮಾತನ್ನು ಸರಿಯಾಗಿ ಗ್ರಹಿಸದ ಮಗುವಿಗೆ ದಿನ ಕಳೆಯುವುದೇ ಕಷ್ಟ. ನಗರದ ಕನ್ನಡ ಸಂಸ್ಥೆಗಳ ಗಮನವಾದರೋ ಬಹುಕಾಲ ದೊಡ್ಡ ಮಕ್ಕಳ ಮೇಲಿತ್ತು: 1908ರಲ್ಲಿ ಆರಂಭವಾದ ಮೊಗವೀರ ರಾತ್ರಿ ಶಾಲೆಯಿಂದ ಮೊದಲ್ಗೊಂಡು ರಾತ್ರಿ ಶಾಲೆಗಳು ಹಗಲು ದುಡಿಯುವವರಿಗೆ ಅಕ್ಷರ ಕಲಿಸಿದವು, 1939ರಲ್ಲಿ ಹುಟ್ಟಿದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ ವಡಾಲದಲ್ಲಿ ಶಾಲೆ ನಡೆಸಿತು. ಶಾಲೆಗೆ ಮುಂಚಿನ ಕಲಿಕೆ ತಾಯಂದಿರ ಪಾಲಿಗೇ ಉಳಿಯಿತು. ಖೋಲಿಯೂ ಇಲ್ಲದ ಮಕ್ಕಳಿಗೆ, ಅಂದರೆ ಕಲಬುರಗಿ, ವಿಜಯಪುರದ ಕಡೆಯಿಂದಲೂ ಬರುತ್ತಿದ್ದ ಕಟ್ಟಡ ಕಾರ್ಮಿಕರ ಮಕ್ಕಳಿಗೆ, 1972ರಿಂದ ಮುಂಬಯಿ ಮೊಬೈಲ್ ಕ್ರೆಶ್ ಸಂಸ್ಥೆ ಕಾಮಗಾರಿಯ ಸ್ಥಳದಲ್ಲೇ ಶಿಶುಪಾಲನಾ ಕೇಂದ್ರಗಳನ್ನು ನಡೆಸಿತು.

ವಾಕ್ಯದಲ್ಲಿ ಸ್ಥಾನಸೂಚಕ ಪದದ ಜಾಗವೂ ಇಲ್ಲಿ ಗಮನಾರ್ಹ. ಕನ್ನಡದ ‘ಮೇಜಿನ ಮೇಲೆ’, ಮರಾಠಿಯ ‘ಟೇಬಲಾವರ್’ ಎರಡರಲ್ಲೂ ವಸ್ತು ಮೊದಲು, ನೆಲೆ ಆಮೇಲೆ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ಮಕ್ಕಳ ಭಾಷಾಕಲಿಕೆಯ ಸಂಶೋಧಕರಾದ ಜೂಡಿತ್ ಜಾನ್‌ಸ್ಟನ್ ಮತ್ತು ಡ್ಯಾನ್ ಸ್ಲೋಬಿನ್ 1979ರಲ್ಲಿ ಪ್ರಕಟಿಸಿದ ನಾಲ್ಕು ಭಾಷೆಗಳ ಅಧ್ಯಯನದಲ್ಲಿ ಒಳಗೆ, ಮೇಲೆ, ಕೆಳಗೆ ಎಂಬರ್ಥದ ಪದಗಳು ಎಲ್ಲೆಡೆ ಬೇಗ ಬಂದವು, ನಡುವೆ, ಹಿಂದೆ, ಮುಂದೆ ತಡವಾದವು. ನಾಮಪದದ ನಂತರ ನೆಲೆಯನ್ನು ಹೇಳುವ ತುರ್ಕಿ ಭಾಷೆಯ ಮಕ್ಕಳು ಇಂಗ್ಲಿಷ್ ಮಕ್ಕಳಿಗಿಂತ ಮುಂದಿದ್ದರು. ಹೀಗಾಗಿ ಮನೆಯಲ್ಲಿ ಕನ್ನಡ, ಗ್ಯಾಲರಿಯಲ್ಲಿ ಮರಾಠಿ ಕೇಳಿದ ಮಗುವಿಗೆ ಎರಡು ಭಾಷೆಗಳಾದರೂ ಜೋಡಣೆ ಒಂದೇ. ಇಂಗ್ಲಿಷ್ ನರ್ಸರಿಯಲ್ಲಿ ಮಾತ್ರ ಅದು ಹೊಸದಾಗಿ ಆರಂಭಿಸಬೇಕು.

ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳಿಗೆ ಪಠ್ಯಪುಸ್ತಕ ಒದಗಿಸುವುದು 1967ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ. ಅದರ ಒಂದನೆಯ ತರಗತಿಯ ಗಣಿತದಲ್ಲಿ ಅಂಕಿಗಳಿಗೂ ಮೊದಲು ಹಿಂದೆ-ಮುಂದೆ, ಮೇಲೆ-ಕೆಳಗೆ ಎಂಬ ಪಾಠಗಳು ಬರುತ್ತವೆ. ಭಾಷೆಯ ಪಾಠ ಗಣಿತದ ಪುಸ್ತಕದಲ್ಲಿ ಸೇರಿರುವುದು ವಿಚಿತ್ರವಾಗಿ ಕಂಡರೂ, ಅಂಕಿಗಳ ಕ್ರಮವನ್ನು ತಿಳಿಯಲು ಹಿಂದು-ಮುಂದಿನ ಅರಿವು ಬೇಕೇ ಬೇಕಾದುದರಿಂದ ಇದು ಸಮರ್ಥನೀಯ. ಆದರೆ ಚಪ್ಪಟೆಯಾದ ಹಾಳೆಯಲ್ಲಿ ಮೇಲೆ-ಕೆಳಗೆ ಸುಲಭವಾಗಿ ತೋರುತ್ತದೆ, ಹಿಂದೆ-ಮುಂದೆ ತೋರುವುದಿಲ್ಲ. ಸಾಲಾಗಿ ನಿಂತವರನ್ನು ಪಕ್ಕದಿಂದ ಚಿತ್ರಿಸಿದಾಗ ಹಿಂದಿರುವವನು ಮಗುವಿನ ಕಣ್ಣಿಗೆ ಎಡಕ್ಕೋ ಬಲಕ್ಕೋ ಇರುತ್ತಾನೆ. ಆ ಪಾಠಕ್ಕೆ ಪುಸ್ತಕವನ್ನು ಮುಚ್ಚಿಸಿ ಮಕ್ಕಳನ್ನೇ ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸುವುದು ಉತ್ತಮ.