ಒಂದೇ ಮನೆ, ಮೂರು ಒಲೆ: ಡಾಟ್ ನೆಟ್ ಒಂದಾದ ಕಥೆ

ಅಣ್ಣತಮ್ಮಂದಿರು ಒಂದೇ ಮನೇಲಿದ್ದು ಒಲೆ ಮಾತ್ರ ಬೇರೆ ಮಾಡ್ಕೊಂಡಿರೋದನ್ನ ನೀವು ನೋಡಿರ್ತೀರಿ. ಬಾಗಿಲು ಒಂದೇ, ಮನೆತನದ ಹೆಸರೂ ಒಂದೇ, ಸಾರು ಮಾತ್ರ ಬೇರೆ ಬೇರೆ. 2016ರ ಹೊತ್ತಿಗೆ ಮೈಕ್ರೋಸಾಫ್ಟ್‌ನ ಡಾಟ್ ನೆಟ್ ಹೀಗೇ ಇತ್ತು. ಆ ಒಲೆಗಳನ್ನ ಒಂದು ಮಾಡೋಕೆ ಹೊರಟಾಗ ಯಾರು ಒಳಗೆ ಬಂದ್ರು, ಯಾರು ಹೊರಗುಳಿದ್ರು ಅನ್ನೋದು ಇವತ್ತಿನ ಕಥೆ.

ಡಾಟ್ ನೆಟ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಎರಡೇ ಮಾತು. ಪ್ರೋಗ್ರಾಂ ಬರೆಯೋಕೆ ಸಿ ಶಾರ್ಪ್‌ನಂಥ ಭಾಷೆ, ಅದನ್ನ ಓಡಿಸೋ ರನ್‌ಟೈಮ್ ಅನ್ನೋ ಎಂಜಿನ್, ಜೊತೆಗೆ ಪದೇ ಪದೇ ಬೇಕಾಗೋ ಕೆಲಸಗಳಿಗೆ ಸಿದ್ಧ ಕೋಡ್ ಇರೋ ಲೈಬ್ರರಿ. ಇಷ್ಟೂ ಸೇರಿದ ಗಂಟು 2002ರಲ್ಲಿ ಡಾಟ್ ನೆಟ್ ಫ್ರೇಮ್‌ವರ್ಕ್ ಅನ್ನೋ ಹೆಸರಲ್ಲಿ ಬಂತು. ವಿಂಡೋಸ್ ಮೇಲೆ ಮಾತ್ರ ಓಡ್ತಿತ್ತು.

ತೊಂದರೆಯ ಬೇರು ಇದ್ದಿದ್ದು ಅಲ್ಲೇ. ಫ್ರೇಮ್‌ವರ್ಕ್ ಇಡೀ ಕಂಪ್ಯೂಟರ್‌ಗೆ ಸೇರಿದ ಸಾಮಾನು. 2012ರಲ್ಲಿ 4.5 ಬಂದಾಗ ಅದು 4.0 ಪಕ್ಕದಲ್ಲಿ ಕೂರಲಿಲ್ಲ, ಅದರ ಜಾಗದಲ್ಲೇ ಕೂತ್ಕೊಂಡಿತು. ಅಂದ್ರೆ ಒಳಗೆ ಒಂದು ಸಣ್ಣ ರಿಪೇರಿ ಮಾಡಿದ್ರೂ, ಯಾವುದೋ ಬ್ಯಾಂಕಿನ ಹತ್ತು ವರ್ಷದ ಹಳೇ ಸಾಫ್ಟ್‌ವೇರ್ ಬೆಳಗ್ಗೆ ಏಳದೇ ಹೋಗಬಹುದು. ಹಾಗಾಗಿ ಕೈ ಇಡೋಕೆ ಎಲ್ಲರಿಗೂ ಭಯ. ಬ್ರೌಸರ್‌ಗೆ ಸಿಲ್ವರ್‌ಲೈಟ್ ಬಂತು, ಆಮೇಲೆ ವಿಂಡೋಸ್ ಫೋನ್ ಬಂತು. ಪ್ರತಿ ತಂಡವೂ ತನಗೆ ಬೇಕಾದಷ್ಟನ್ನ ಕತ್ತರಿಸಿ ತನ್ನದೇ ಡಾಟ್ ನೆಟ್ ಮಾಡ್ಕೊಳ್ತು.

ಇನ್ನೊಂದು ಒಲೆ ಹೊತ್ತಿದ್ದು ಮನೆಯ ಹೊರಗೆ. ಮೆಕ್ಸಿಕೋದ ಮಿಗೆಲ್ ಡಿ ಇಕಾಸಾ ಮತ್ತವರ ಸಂಗಡಿಗರು 2001ರಲ್ಲಿ ಮೋನೋ ಅನ್ನೋ ಮುಕ್ತ ತಂತ್ರಾಂಶದ ಕೆಲಸ ಶುರು ಮಾಡಿದ್ರು. ಸಿ ಶಾರ್ಪ್‌ನ ನಿಯಮಗಳು ಬಹಿರಂಗವಾಗಿದ್ವು, ಅದನ್ನಿಟ್ಕೊಂಡು ಲಿನಕ್ಸ್ ಮೇಲೆ ಓಡೋ ಎಂಜಿನ್ ಕಟ್ಟಿದ್ರು. ಮೊದಲ ಆವೃತ್ತಿ 2004ರಲ್ಲಿ. ಇವರ ಕಂಪನಿಯನ್ನ ನೋವೆಲ್ ಕೊಂಡಿತ್ತು, 2011ರಲ್ಲಿ ನೋವೆಲ್ ಅನ್ನೇ ಅಟ್ಯಾಚ್‌ಮೇಟ್ ಕೊಂಡಿತು, ಮೋನೋ ತಂಡದವರ ಕೆಲಸ ಹೋಯ್ತು. ಅದೇ ತಿಂಗಳು ಅವರು ಕ್ಸಾಮರಿನ್ ಅನ್ನೋ ಹೊಸ ಕಂಪನಿ ಘೋಷಿಸಿದ್ರು! ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾಗೋ ಭಾಗ ಇದು.

ಅವರ ಕೈಲಿ ಒಂದು ದೊಡ್ಡ ಆಸ್ತಿ ಇತ್ತು. ಐಫೋನ್‌ನಲ್ಲಿ ಆಪ್ ಓಡ್ತಿರುವಾಗಲೇ ಹೊಸ ಯಂತ್ರಭಾಷೆ ತಯಾರಿಸೋಕೆ ಆಪಲ್ ಬಿಡೋದಿಲ್ಲ. ಡಾಟ್ ನೆಟ್‌ನ ಮಾಮೂಲಿ ಪದ್ಧತಿ ಅದೇ. ಮೋನೋದವರು 2009ರಲ್ಲೇ ಮೋನೋಟಚ್ ಮಾಡಿ, ಎಲ್ಲವನ್ನೂ ಮುಂಚೆಯೇ ಯಂತ್ರಭಾಷೆಗೆ ಇಳಿಸಿ ಕಳಿಸೋ ದಾರಿ ಕಂಡ್ಕೊಂಡಿದ್ರು. ಮೈಕ್ರೋಸಾಫ್ಟ್ 2016ರಲ್ಲಿ ಕ್ಸಾಮರಿನ್ ಅನ್ನ ಕೊಂಡಿತು.

ಅಷ್ಟರಲ್ಲಿ ಮನೆಯೊಳಗೂ ಗಾಳಿ ಬದಲಾಗಿತ್ತು. 2014ರ ಫೆಬ್ರವರಿಯಲ್ಲಿ ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾಡೆಲ್ಲಾ ಸಿಇಒ ಆದ್ರು. ಅದೇ ನವೆಂಬರ್‌ನಲ್ಲಿ, ಡಾಟ್ ನೆಟ್‌ನ ಹೊಸ ರೂಪವನ್ನ ಮುಕ್ತ ತಂತ್ರಾಂಶ ಮಾಡ್ತೀವಿ, ಲಿನಕ್ಸ್ ಮತ್ತು ಮ್ಯಾಕ್ ಮೇಲೂ ಓಡಿಸ್ತೀವಿ ಅಂತ ಕಂಪನಿ ಹೇಳ್ತು. 2016ರ ಜೂನ್‌ನಲ್ಲಿ ಡಾಟ್ ನೆಟ್ ಕೋರ್ ಬಂತು. ಈಗ ಒಲೆ ಮೂರು: ಫ್ರೇಮ್‌ವರ್ಕ್, ಕೋರ್, ಮೋನೋ. ಲೈಬ್ರರಿ ಬರೆಯೋರ ಪಾಡು ಕೇಳಲೇಬೇಡಿ. ಒಂದೇ ಕೆಲಸದ ಕೋಡು ಒಂದು ಕಡೆ ನಡೆಯುತ್ತೆ, ಇನ್ನೊಂದು ಕಡೆ ಕೈ ಕೊಡುತ್ತೆ. ಡಾಟ್ ನೆಟ್ ಸ್ಟ್ಯಾಂಡರ್ಡ್ ಅಂತ ಒಂದು ಒಪ್ಪಂದ ಮಾಡಿ, 2017ರ ಎರಡನೇ ಆವೃತ್ತಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಎಪಿಐಗಳು ಎಲ್ಲಾ ಕಡೆ ಸಿಗೋ ಹಾಗೆ ಮಾಡಿದ್ರು. ಅದು ಅಡುಗೆ ಪಟ್ಟಿ ಒಂದು ಮಾಡಿದ ಹಾಗೆ, ಒಲೆ ಇನ್ನೂ ಮೂರೇ.

ಕೊನೆಗೆ 2019ರ ಮೇ ತಿಂಗಳಲ್ಲಿ ಘೋಷಣೆ: ಇನ್ಮುಂದೆ ಡಾಟ್ ನೆಟ್ ಒಂದೇ, ಹೆಸರು ಡಾಟ್ ನೆಟ್ 5. ಕೋರ್ 3.1 ಆದ ಮೇಲೆ ನೇರ 5 ಯಾಕೆ? ಫ್ರೇಮ್‌ವರ್ಕ್ ಆಗಲೇ 4.8ರಲ್ಲಿತ್ತು, ನಾಲ್ಕು ಅಂದ್ರೆ ಗೊಂದಲ. ಕೋರ್‌ನ ಬೇರೆ ಬೇರೆ ಕೋಡ್ ಭಂಡಾರಗಳನ್ನ ಒಂದೇ ಕಡೆ ಸುರಿದ್ರು, ಮೋನೋ ಎಂಜಿನ್ ಕೂಡ ಅಲ್ಲಿಗೇ ಬಂತು. ಎಂಜಿನ್ ಮಾತ್ರ ಎರಡೂ ಉಳಿದ್ವು: ಸರ್ವರ್‌ಗೆ ಕೋರ್‌ನದ್ದು, ಫೋನಿಗೆ ಮೋನೋದ್ದು. ಮೇಲಿನ ಲೈಬ್ರರಿ ಒಂದೇ. ಇದನ್ನ ನಾನು ಸೋಲು ಅನ್ನಲ್ಲ, ಎರಡಕ್ಕೂ ಕೆಲಸ ಬೇರೆ ಇತ್ತು. ಆದ್ರೆ ಕೊರೋನಾ ಬಂತು, 2020ರ ನವೆಂಬರ್‌ನಲ್ಲಿ 5 ಹೊರಬಂದಾಗ ಫೋನಿನ ಭಾಗ ಅದರೊಳಗೆ ಇರಲಿಲ್ಲ. ಅದನ್ನ 6ಕ್ಕೆ ತಳ್ಳಿದ್ರು. ಕ್ಸಾಮರಿನ್‌ನ ಉತ್ತರಾಧಿಕಾರಿ ಮಾವಿ ಬಳಕೆಗೆ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ.

ಇನ್ನು ಹಿರಿಯಣ್ಣ ಫ್ರೇಮ್‌ವರ್ಕ್? ಅದನ್ನ ಒಳಗೆ ಕರ್ಕೊಳ್ಳಲೇ ಇಲ್ಲ. ಮುಖ್ಯವಾಗಿ ವೆಬ್ ಫಾರ್ಮ್ಸ್. ಪುಟದ ಮೇಲೆ ಬಟನ್ ಎಳೆದು ಬಿಟ್ಟು, ಅದರ ಹಿಂದೆ ಕೋಡ್ ಬರೆಯೋ ಪದ್ಧತಿ ಅದು. ನಾನು ಕೆಲಸ ಕಲಿತಿದ್ದೂ ಅದರಲ್ಲೇ. ಬೆಂಗಳೂರಿನ ಒಂದು ಕಂಪನೀಲಿ ನಮ್ಮ ಟೀಮ್ ನೋಡ್ಕೋತಿದ್ದ ಅಪ್ಲಿಕೇಶನ್‌ನಲ್ಲಿ ಅಂಥ ನೂರಾರು ಪುಟಗಳು. "ಹೊಸ ಡಾಟ್ ನೆಟ್‌ಗೆ ಹೋಗೋಕೆ ಎಷ್ಟು ದಿನ ಬೇಕಪ್ಪಾ?" ಅಂತ ಮ್ಯಾನೇಜರ್ ಕೇಳಿದ್ರು. ಹೆಸರಲ್ಲಿ ಡಾಟ್ ನೆಟ್ ಅಂತಿದೆ, ನಂಬರ್ ಮಾತ್ರ ದೊಡ್ಡದಾಗಿದೆ, ಅಪ್‌ಡೇಟ್ ಬಟನ್ ಒತ್ತಿದ್ರೆ ಆಯ್ತು ಅಂತ ಅವರ ಲೆಕ್ಕ. ನಾನು ಪ್ರಾಜೆಕ್ಟ್ ತೆಗೆದು ನೋಡಿದೆ. ನಮ್ಮ ಪ್ರತಿ ಪುಟವೂ ನಿಂತಿದ್ದು ಸಿಸ್ಟಮ್ ಡಾಟ್ ವೆಬ್ ಅನ್ನೋ ಲೈಬ್ರರಿ ಮೇಲೆ. ಹೊಸದರಲ್ಲಿ ಅದು ಇಲ್ಲವೇ ಇಲ್ಲ. "ಸರ್, ಇದು ಅಪ್‌ಡೇಟ್ ಅಲ್ಲ, ಮತ್ತೆ ಬರೆಯೋದು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇದು ಇಲ್ಲೇ ಇರ್ಲಿ ಬಿಡು" ಅಂದ್ರು. ಟೀಮ್‌ನಲ್ಲಿ ಚುರುಕಾಗಿದ್ದ ಹುಡುಗರು ಹೊಸ ಪ್ರಾಜೆಕ್ಟ್‌ಗಳಿಗೆ ಹೋದ್ರು. ಹದಿನೈದು ವರ್ಷ ವೆಬ್ ಫಾರ್ಮ್ಸ್ ಮಾಡಿದ್ದ ಸೀನಿಯರ್ ಒಬ್ಬರು ಅಲ್ಲೇ ಉಳಿದ್ರು.

ಫ್ರೇಮ್‌ವರ್ಕ್ ಸತ್ತಿಲ್ಲ. ವಿಂಡೋಸ್ 11ರ ಜೊತೆಗೂ ಬರುತ್ತೆ, ಭದ್ರತೆಯ ರಿಪೇರಿಗಳು ಸಿಗ್ತಾ ಇವೆ, ಹೊಸತೇನೂ ಸೇರಲ್ಲ ಅಷ್ಟೇ. ಮುಂದಿನ ಸಲ ಫೋನಲ್ಲಿ ಏನೋ ಫಾರ್ಮ್ ತುಂಬೋವಾಗ ಮೇಲಿನ ವಿಳಾಸ ಒಮ್ಮೆ ನೋಡಿ. ಕೊನೇಲಿ ಡಾಟ್ ಎಎಸ್‌ಪಿಎಕ್ಸ್ ಅಂತಿದ್ರೆ, ಬಹುಶಃ ಅದು ಆ ಹಳೇ ಒಲೆಯ ಮೇಲೇ ಬೇಯ್ತಿದೆ.